ಅಡಿಕೆಯ ಬೇರುಹುಳುವಿಗೆ ಜಂತುಹುಳುವೇ, ಶಿಲೀಂಧ್ರವೇ, ಕೀಟನಾಶಕವೇ: ಮಲೆನಾಡಿನ ತೋಟಗಳಿಗೊಂದು ಹೋಲಿಕೆ

ಅಡಿಕೆ ಮರದ ಬೇರು ತಿನ್ನುವ ಹುಳುವನ್ನು ಹತೋಟಿಗೆ ತರಲು ಮಲೆನಾಡಿನ ಬೆಳೆಗಾರರ ಮುಂದೆ ಇಂದು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಬುಡಕ್ಕೆ ಸುರಿಯುವ ರಾಸಾಯನಿಕ ಕೀಟನಾಶಕ ಒಂದು. ಮೆಟಾರೈಜಿಯಂ ಎಂಬ ಶಿಲೀಂಧ್ರ ಇನ್ನೊಂದು. ಮಣ್ಣಿನಲ್ಲಿದ್ದು ಕೀಟಗಳನ್ನು ಮಾತ್ರ ಕೊಲ್ಲುವ, ಇ.ಪಿ.ಎನ್. ಎಂದು ಕರೆಯಲಾಗುವ ಅತಿ ಸಣ್ಣ ಜಂತುಹುಳು (ನೆಮಟೋಡ್) ಮೂರನೆಯದು. ಮುಂಗಾರಿನ ಮುಸ್ಸಂಜೆಯಲ್ಲಿ ಹೊರಬರುವ ದುಂಬಿಗಳನ್ನು ಕೈಯಿಂದ ಹಿಡಿದು ನಾಶಪಡಿಸುವುದು ನಾಲ್ಕನೆಯದು. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಒಂದೇ ಮಾತಿನಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ಹುಳು ಯಾವ ವಯಸ್ಸಿನಲ್ಲಿದೆ, ತೋಟದ ಮಣ್ಣು ಎಂಥದು, ಬಸಿಗಾಲುವೆಯ ನೀರು ಎಲ್ಲಿಗೆ ಹರಿಯುತ್ತದೆ ಎಂಬ ಮೂರು ಸಂಗತಿಗಳು ತಿಳಿದ ಮೇಲೆ ಮಾತ್ರ ಆಯ್ಕೆ ಸಾಧ್ಯ. ನೆರಳು ದಟ್ಟವಾಗಿರುವ, ತೇವ ನಿಲ್ಲುವ, ತನ್ನ ನೀರನ್ನು ಹಳ್ಳಕ್ಕೋ ಬಾವಿಗೋ ಬಿಡುವ ಮಲೆನಾಡಿನ ಕಣಿವೆ ತೋಟಗಳಲ್ಲಿ ಸಮಯ ನೋಡಿ ಬಿಟ್ಟ ಜಂತುಹುಳುವೇ ಮೊದಲ ಆಯ್ಕೆಯಾಗಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಎಲ್ಲ ತೋಟಕ್ಕೂ ಎಲ್ಲ ತಿಂಗಳಿಗೂ ಒದಗುವ ಮದ್ದಲ್ಲ. ಅದು ಸೋಲುವ ಜಾಗಗಳನ್ನೂ ಇಲ್ಲಿ ಬಿಡದೆ ಹೇಳಿದ್ದೇನೆ.

ಮೊದಲು ಬುಡ ಬಿಡಿಸಿ ನೋಡಬೇಕು

ಗರಿಗಳು ಹಳದಿಯಾಗುವುದು, ಕಾಂಡದ ತುದಿ ಸಣಕಲಾಗುವುದು, ಎಳೆಯ ಕಾಯಿ ಉದುರುವುದು ಬೇರುಹುಳುವಿನ ಲಕ್ಷಣಗಳು ಹೌದು. ಆದರೆ ಇವೇ ಲಕ್ಷಣಗಳು ಬೇರೆ ಕಾರಣಗಳಿಂದಲೂ ಬರುತ್ತವೆ. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಸೀಮೆಯ ತೋಟಗಳನ್ನು ಹಲವು ದಶಕಗಳಿಂದ ಕಾಡುತ್ತಿರುವ ಹಳದಿ ಎಲೆ ರೋಗಕ್ಕೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ. ಅಂಥ ಮರದ ಬುಡಕ್ಕೆ ಜಂತುಹುಳು ಬಿಟ್ಟರೂ ಕೀಟನಾಶಕ ಸುರಿದರೂ ಹಣ ಹೋಗುವುದೊಂದೇ ಫಲ. ನೀರು ಬಸಿಯದೆ ಬೇರು ಕೊಳೆತರೂ ಗರಿ ಹಳದಿಯಾಗುತ್ತದೆ. ಬೇರುಹುಳು ಬಿದ್ದ ಮರಕ್ಕೆ ಇರುವ ಒಂದು ವ್ಯತ್ಯಾಸವೆಂದರೆ, ಬೇರಿನ ಹಿಡಿತ ತಪ್ಪಿರುವುದರಿಂದ ಅದು ಕೈಯಿಂದ ತಳ್ಳಿದರೆ ಅಲುಗಾಡುತ್ತದೆ, ಹಾನಿ ಮಿತಿಮೀರಿದ್ದರೆ ಗಾಳಿಗೆ ಬುಡಸಹಿತ ಉರುಳುತ್ತದೆ. ಅಷ್ಟರವರೆಗೆ ಕಾಯುವ ಅಗತ್ಯವಿಲ್ಲ. ಮಳೆ ಇಳಿಮುಖವಾಗುತ್ತಿದ್ದಂತೆ ತೋಟದ ನಾಲ್ಕಾರು ಕಡೆ, ಅನುಮಾನವಿರುವ ಮರ ಮತ್ತು ಅದರ ಪಕ್ಕದ ಆರೋಗ್ಯವಂತ ಮರ ಎರಡರ ಬುಡದಲ್ಲೂ, ಒಂದಡಿ ಆಳದವರೆಗೆ ಮಣ್ಣು ಬಿಡಿಸಿ ಹುಳುಗಳನ್ನು ಎಣಿಸಿ, ಎಷ್ಟು ದಪ್ಪವಿವೆ ಎಂದು ಬರೆದಿಟ್ಟುಕೊಳ್ಳಬೇಕು. ಮುಂದೆ ಯಾವ ಕ್ರಮ ಕೈಗೊಂಡರೂ ಅದು ಫಲಿಸಿತೇ ಎಂದು ತಿಳಿಯಲು ಈ ಎಣಿಕೆಯೇ ಆಧಾರ.

ಬಿಡಿಸಿದಾಗ ಸಿಗುವ ಹುಳು ಯಾವುದು ಎಂಬುದನ್ನೂ ಗಮನಿಸಬೇಕು. ಅಡಿಕೆಯ ಬೇರನ್ನು ತಿನ್ನುವುದು ಲ್ಯೂಕೊಫೋಲಿಸ್ ಕುಲಕ್ಕೆ ಸೇರಿದ ದುಂಬಿಗಳ ಮರಿಹುಳು. ನಮ್ಮ ಭಾಗದಲ್ಲಿ ಲೆಪಿಡೊಫೋರಾ, ಬರ್ಮೀಸ್ಟೆರಿ, ಕೋನಿಯೊಫೋರಾ ಎಂಬ ಮೂರು ಪ್ರಭೇದಗಳಿವೆ. ಕೊಟ್ಟಿಗೆಯ ಗೊಬ್ಬರದ ಗುಂಡಿಯಲ್ಲಿ ಕಾಣುವ, ಕುರುವಾಯಿ ದುಂಬಿಯ ದಪ್ಪ ಗೊಣ್ಣೆಹುಳು ಬೇರೆಯದು. ಅದು ಕೊಳೆತ ಗೊಬ್ಬರ ತಿಂದು ಬದುಕುತ್ತದೆ, ಅಡಿಕೆಯ ಬೇರಿನ ತಂಟೆಗೆ ಬರುವುದಿಲ್ಲ. ಗೊಬ್ಬರದ ಜೊತೆ ಬಂದ ಹುಳುವನ್ನು ಕಂಡು ಇಡೀ ತೋಟಕ್ಕೆ ಔಷಧಿ ಸುರಿಸುವವರಿದ್ದಾರೆ. ಹೆಚ್ಚು ಬೇರು ಕಡಿದುಹೋಗಿರುವಲ್ಲಿಯೇ ಹುಳು ಸಿಕ್ಕರೆ ಮಾತ್ರ ಅದನ್ನು ಬೇರುಹುಳುವೆಂದು ಹಿಡಿಯಬಹುದು. ಅನುಮಾನವಿದ್ದರೆ ನಾಲ್ಕು ಹುಳುಗಳನ್ನು ಮಣ್ಣಿನ ಸಮೇತ ಡಬ್ಬಿಯಲ್ಲಿ ಹಾಕಿಕೊಂಡು ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೋ ಒಯ್ದು ತೋರಿಸುವುದು ಉತ್ತಮ.

ವಯಸ್ಸಿನ ವಿಚಾರ ಇನ್ನೂ ಮುಖ್ಯ. ಮೇ–ಜೂನ್ ಮಳೆಗೆ ದುಂಬಿಗಳು ಮಣ್ಣಿನಿಂದ ಹೊರಬಂದು, ಕೂಡಿ, ಮತ್ತೆ ಮಣ್ಣಿಗಿಳಿದು ಮೊಟ್ಟೆಯಿಡುತ್ತವೆ. ಆಗತಾನೇ ಹುಟ್ಟಿದ ಮರಿಗಳು ಮೇಲ್ಮಣ್ಣಿನಲ್ಲಿದ್ದು ಕೊಳೆತ ಸೊಪ್ಪು ಮತ್ತು ನವಿರಾದ ಬೇರುಗಳನ್ನು ತಿನ್ನುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಲಿತು, ದಪ್ಪ ಬೇರುಗಳನ್ನು ಕಡಿಯತೊಡಗುತ್ತವೆ. ಬೇಸಿಗೆಗೆ ಮಣ್ಣು ಒಣಗಿದಂತೆ ಆಳಕ್ಕಿಳಿಯುತ್ತವೆ. ಆದ್ದರಿಂದ ನಷ್ಟ ಕಣ್ಣಿಗೆ ಕಾಣುವ ಕಾಲಕ್ಕೆ ಹುಳುವನ್ನು ಸುಲಭವಾಗಿ ಕೊಲ್ಲಬಹುದಾದ ಕಾಲ ಕಳೆದುಹೋಗಿರುತ್ತದೆ. ಈ ಮಾತು ನಾಲ್ಕೂ ದಾರಿಗಳಿಗೆ ಅನ್ವಯಿಸುತ್ತದೆ.

ಜಂತುಹುಳು ಕೆಲಸ ಮಾಡುವ ಬಗೆ

ಕಾಳುಮೆಣಸಿನ ಬಳ್ಳಿ ಸೊರಗಲು, ಬಾಳೆಯ ಬೇರು ಕಪ್ಪಾಗಲು ಜಂತುಹುಳುವೇ ಕಾರಣವೆಂದು ಕೇಳಿದ ಬೆಳೆಗಾರರು ಅದನ್ನೇ ದುಡ್ಡು ಕೊಟ್ಟು ತಂದು ತೋಟಕ್ಕೆ ಬಿಡಲು ಅಂಜುವುದು ಸಹಜ. ಅಡಿಕೆ, ಮೆಣಸು, ಬಾಳೆಗಳ ಬೇರನ್ನು ಕೊರೆಯುವ ರಾಡೊಫೋಲಸ್ ಆಗಲಿ, ಬೇರಿನಲ್ಲಿ ಗಂಟು ಮಾಡುವ ಮೆಲೊಯ್ಡೊಗೈನ್ ಆಗಲಿ ಗಿಡದ ರಸ ಹೀರಿ ಬದುಕುವ ಗುಂಪಿನವು. ಅವುಗಳ ಬಾಯಲ್ಲಿ ಬೇರನ್ನು ಚುಚ್ಚುವ ಮುಳ್ಳಿದೆ. ಸ್ಟೈನರ್ನೀಮಾ ಮತ್ತು ಹೆಟೆರೊರ‍್ಹಾಬ್ಡೈಟಿಸ್ ಎಂಬ, ನಾವು ಇಲ್ಲಿ ಹೇಳುತ್ತಿರುವ ಎರಡು ಕುಲಗಳಿಗೆ ಅಂಥ ಮುಳ್ಳಿಲ್ಲ, ಅವು ಗಿಡವನ್ನು ತಿನ್ನುವುದೂ ಇಲ್ಲ. ಮಣ್ಣಿನಲ್ಲಿ ಆಹಾರವಿಲ್ಲದೆ ಕಾಯುವ ಅವುಗಳ ಮರಿ ಒಂದು ಮಿಲಿಮೀಟರಿನೊಳಗಿನ ಉದ್ದದ್ದು. ಅದು ಹುಳುವಿನ ಬಾಯಿ, ಗುದದ್ವಾರ ಅಥವಾ ಉಸಿರಾಟದ ರಂಧ್ರದ ಮೂಲಕ ಒಳಹೊಕ್ಕು ತನ್ನ ಕರುಳಿನಲ್ಲಿರುವ ಬ್ಯಾಕ್ಟೀರಿಯಾವನ್ನು ಹುಳುವಿನ ರಕ್ತಕ್ಕೆ ಬಿಡುತ್ತದೆ. ಸ್ಟೈನರ್ನೀಮಾದ ಜೊತೆಗಾರ ಜೀನೊರ‍್ಹಾಬ್ಡಸ್, ಹೆಟೆರೊರ‍್ಹಾಬ್ಡೈಟಿಸ್‌ನ ಜೊತೆಗಾರ ಫೋಟೊರ‍್ಹಾಬ್ಡಸ್. ಮೆದು ಮೈಯ ಹುಳು ಸಾಮಾನ್ಯವಾಗಿ 24ರಿಂದ 48 ಗಂಟೆಗಳಲ್ಲಿ ಸಾಯುತ್ತದೆ. ಬಲಿತ ಬೇರುಹುಳುವಿಗೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಸತ್ತ ಹುಳುವಿನೊಳಗೆ ಜಂತುಹುಳು ಒಂದೆರಡು ತಲೆಮಾರು ಸಂತತಿ ಬೆಳೆಸಿ, ಸುಮಾರು ಎರಡು ವಾರದಲ್ಲಿ ಲಕ್ಷಗಟ್ಟಲೆ ಮರಿಗಳಾಗಿ ಹೊರಬಂದು ಮುಂದಿನ ಹುಳುವನ್ನು ಹುಡುಕುತ್ತದೆ. ಕೀಟನಾಶಕಕ್ಕೂ ಇದಕ್ಕೂ ಇರುವ ಮೂಲಭೂತ ಅಂತರ ಇದು. ಕೀಟನಾಶಕ ಸುರಿದ ದಿನದಿಂದ ಕರಗುತ್ತ ಹೋಗುತ್ತದೆ. ಜಂತುಹುಳುವಿಗೆ ತೇವ ಮತ್ತು ಆಹಾರ ಸಿಕ್ಕರೆ ಅದು ಬೆಳೆಯುತ್ತ ಹೋಗುತ್ತದೆ.

ಅದರ ಮಿತಿಯೂ ಇದೇ ವಿವರಣೆಯಲ್ಲಿದೆ. ಮಣ್ಣಿನ ಕಣಗಳ ನಡುವಿನ ತೆಳುವಾದ ನೀರಿನ ಪೊರೆಯಲ್ಲಿ ಅದು ಚಲಿಸಬೇಕು. ಮಣ್ಣು ಒಣಗಿದರೆ ಚಲನೆ ನಿಲ್ಲುತ್ತದೆ. ಮಣ್ಣು ನೀರಿನಲ್ಲಿ ಮುಳುಗಿದ್ದರೆ ಉಸಿರಾಡಲು ಆಮ್ಲಜನಕ ಸಾಲದು. ಜಿಗುಟು ಮಣ್ಣಿನಲ್ಲಿ ಹಾದಿಗಳೇ ಇಕ್ಕಟ್ಟು. ಬಿಸಿಲಿನ ಅತಿನೇರಳೆ ಕಿರಣ ಅದನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲುತ್ತದೆ. ಇದರ ಜೊತೆಗೆ ಬೇರುಹುಳುವೂ ಸುಮ್ಮನೆ ಸಾಯುವ ಪ್ರಾಣಿಯಲ್ಲ: ಅದರ ಉಸಿರಾಟದ ರಂಧ್ರಗಳ ಮೇಲೆ ಜರಡಿಯಂಥ ಮುಚ್ಚಳವಿದೆ, ಅದು ಮೈಗೆ ಅಂಟಿದ ಜಂತುಹುಳುವನ್ನು ಉಜ್ಜಿ ತೆಗೆಯುತ್ತದೆ. ಆದ್ದರಿಂದ ಪ್ರಯೋಗಾಲಯದಲ್ಲಿ ಮೆದು ಮೈಯ ಮೇಣದ ಪತಂಗದ (ಜೇನಿನ ಎರಿ ತಿನ್ನುವ ಪತಂಗ) ಹುಳುವಿನ ಮೇಲೆ ಸಿಕ್ಕ ಫಲಿತಾಂಶವನ್ನು ತೋಟದ ಬಲಿತ ಬೇರುಹುಳುವಿನ ಮೇಲೆ ನಿರೀಕ್ಷಿಸಬಾರದು.

ಅಮೆರಿಕದ ಕ್ರ್ಯಾನ್‌ಬೆರಿ (ಒಂದು ಬಗೆಯ ಹುಳಿಹಣ್ಣಿನ ಬಳ್ಳಿ) ತೋಟಗಳು ನಮಗೆ ದೂರದವೆಂದು ತೋರಿದರೂ ಅವುಗಳ ಅನುಭವವನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ವಿಸ್ಕಾನ್ಸಿನ್ ಮತ್ತು ಮ್ಯಾಸಚೂಸೆಟ್ಸ್ ರಾಜ್ಯಗಳ ಆ ಪಾತಿಗಳೂ ವರ್ಷಾನುಗಟ್ಟಲೆ ನಿಲ್ಲುವ ಬೆಳೆ, ಹುಳಿ ಮಣ್ಣು, ಮೇಲ್ಮಟ್ಟದಲ್ಲೇ ಹರಡುವ ಬೇರು, ಕೈಯಲ್ಲಿರುವ ನೀರಾವರಿ ಎಂಬ ನಾಲ್ಕು ವಿಷಯಗಳಲ್ಲಿ ನಮ್ಮ ತೋಟಗಳನ್ನು ಹೋಲುತ್ತವೆ. ಬಳ್ಳಿಯ ಬುಡ ಕೆರೆಯುವ ಗರ್ಡ್ಲರ್ ಪತಂಗದ ಹುಳುವಿಗೆ ಅಲ್ಲಿ ಸ್ಟೈನರ್ನೀಮಾ ಕಾರ್ಪೊಕ್ಯಾಪ್ಸೆ ಬಳಸುತ್ತಾರೆ. ವಿಸ್ಕಾನ್ಸಿನ್‌ನ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಮುಂದಿಟ್ಟು, ತಮ್ಮ ರಾಜ್ಯದ ಮಣ್ಣಿನಲ್ಲೇ ಇದ್ದ ಓಷಿಯಸ್ ಒನಿರಿಸಿ ಮತ್ತು ಹೆಟೆರೊರ‍್ಹಾಬ್ಡೈಟಿಸ್ ಜಾರ್ಜಿಯಾನಾ ಎಂಬ ಜಂತುಹುಳುಗಳನ್ನು ಬೇರ್ಪಡಿಸಿ ಪಾತಿಗಳಲ್ಲಿ ಪರೀಕ್ಷಿಸಿದರು. ಊರಿನ ಮಣ್ಣು ಮತ್ತು ಹವೆಗೆ ಒಗ್ಗಿದ ತಳಿಯನ್ನು ಆರಿಸಬೇಕೆಂಬ ಈ ತಿಳಿವಳಿಕೆ ನಮಗೂ ನೇರವಾಗಿ ಸಲ್ಲುತ್ತದೆ.

ಜಂತುಹುಳುವಿನಲ್ಲೇ ಯಾವುದು

ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಅಡಿಕೆ ಮತ್ತು ತೆಂಗಿನ ಬೇರುಹುಳುವಿಗೆ ಸ್ಟೈನರ್ನೀಮಾ ಕಾರ್ಪೊಕ್ಯಾಪ್ಸೆಯನ್ನು ಹೆಕ್ಟೇರಿಗೆ 150 ಕೋಟಿ ಮರಿಗಳಂತೆ, ಮರಗಳ ನಡುವಿನ ಜಾಗದಲ್ಲಿ 5ರಿಂದ 10 ಸೆಂ.ಮೀ. ಆಳಕ್ಕೆ ಹಾಕಲು ಶಿಫಾರಸು ಮಾಡಿದೆ. ಬೇರಿನ ವಲಯಕ್ಕೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ ದ್ರಾವಣ ಸುರಿಯುವುದೂ ಆ ಶಿಫಾರಸಿನ ಭಾಗ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಹೆಟೆರೊರ‍್ಹಾಬ್ಡೈಟಿಸ್ ಇಂಡಿಕಾವನ್ನು ನೀರಿನಲ್ಲಿ ಬೆರೆಯುವ ಪುಡಿಯ ರೂಪಕ್ಕೆ ತಂದು, ಬೇರು ತಿನ್ನುವ ಗೊಣ್ಣೆಹುಳುಗಳ ಹತೋಟಿಗೆ ಬಳಕೆಗೆ ತಂದಿದೆ. ಈ ಇಂಡಿಕಾ ನಮ್ಮ ನೆಲದ್ದೇ: ಕೊಯಮತ್ತೂರಿನಿಂದ ದೊರೆತ ಇದನ್ನು 1992ರಲ್ಲಿ ಹೊಸ ಪ್ರಭೇದವೆಂದು ವಿವರಿಸಲಾಯಿತು. ಬಿಸಿಯನ್ನು ಚೆನ್ನಾಗಿ ತಡೆಯುವ ಗುಣ ಇದಕ್ಕಿದೆ.

ಇವೆರಡರ ನಡುವಿನ ವ್ಯತ್ಯಾಸ ಬೇಟೆಯ ರೀತಿಯಲ್ಲಿದೆ. ಕಾರ್ಪೊಕ್ಯಾಪ್ಸೆ ಬಹುಮಟ್ಟಿಗೆ ಮೇಲ್ಮಣ್ಣಿನಲ್ಲೇ ಇದ್ದು, ಹತ್ತಿರ ಬಂದ ಹುಳುವನ್ನು ಹಿಡಿಯುತ್ತದೆ. ಇಂಡಿಕಾ ಮಣ್ಣಿನೊಳಗೆ ಇಳಿದು ಹುಳುವನ್ನು ಹುಡುಕಿಕೊಂಡು ಹೋಗುತ್ತದೆ, ಹುಳುವಿನ ಮೆದು ಚರ್ಮವನ್ನು ಕೆರೆದು ಒಳಹೊಗಲು ಅದಕ್ಕೊಂದು ಹಲ್ಲೂ ಇದೆ. ಆದ್ದರಿಂದ ಹುಳು ಎಳೆಯದಾಗಿ ಮೇಲ್ಮಣ್ಣಿನಲ್ಲಿರುವ ಆಗಸ್ಟ್ ಹೊತ್ತಿಗೆ ಎರಡರಲ್ಲಿ ಯಾವುದಾದರೂ ಆದೀತು. ಅಕ್ಟೋಬರ್ ಕಳೆದು ಹುಳು ಬೇರಿನ ಬುಡಕ್ಕಿಳಿದಿದ್ದರೆ ನಾನು ಇಂಡಿಕಾವನ್ನೇ ಆರಿಸುತ್ತೇನೆ. ಕಾರ್ಪೊಕ್ಯಾಪ್ಸೆಯೇ ಕೈಗೆ ಸಿಗುವುದಾದರೆ ಶಿಫಾರಸಿನಲ್ಲಿ ಹೇಳಿದ ಆಳಕ್ಕೆ ಹಾಕುವುದನ್ನು ತಪ್ಪಿಸಬಾರದು, ಏಕೆಂದರೆ ಮೇಲೆ ಸುರಿದು ಬಿಟ್ಟರೆ ಅದು ಮೇಲೆಯೇ ಉಳಿಯುತ್ತದೆ.

ಕೀಟನಾಶಕದೊಡನೆ ಹೋಲಿಸಿದಾಗ

ಹಿಂದೆ ಬೇರುಹುಳುವಿಗೆ ಫೋರೇಟ್ ಹರಳು ಹಾಕುವುದು ರೂಢಿಯಾಗಿತ್ತು. ಅದರ ಬಳಕೆಯನ್ನು ದೇಶದಲ್ಲಿ 2020ರ ಡಿಸೆಂಬರ್ 31ರಿಂದ ಸಂಪೂರ್ಣ ನಿಷೇಧಿಸಲಾಗಿದೆ. ಹಳೆಯ ದಾಸ್ತಾನು ಎಲ್ಲಾದರೂ ಸಿಕ್ಕಿದರೂ ಮುಟ್ಟಬಾರದು; ಅದು ಮನುಷ್ಯರಿಗೂ ದನಕರುಗಳಿಗೂ ಅತ್ಯಂತ ವಿಷಕಾರಿ. ಈಗ ಹೆಚ್ಚಾಗಿ ಸುರಿಯುವುದು ಕ್ಲೋರ್‌ಪೈರಿಫಾಸ್. ಅದರ ಅನುಕೂಲಗಳನ್ನು ಮುಚ್ಚಿಡುವುದು ನ್ಯಾಯವಲ್ಲ: ತಾಲ್ಲೂಕು ಕೇಂದ್ರದ ಯಾವ ಅಂಗಡಿಯಲ್ಲೂ ಸಿಗುತ್ತದೆ, ಕಪಾಟಿನಲ್ಲಿಟ್ಟರೆ ಸಾಯುವುದಿಲ್ಲ, ಎಳೆಯ ಹುಳುವಿಗೆ ತಾಗಿದರೆ ಬೇಗ ಕೊಲ್ಲುತ್ತದೆ. ತೊಡಕು ಇರುವುದು ತಾಗುವುದರಲ್ಲಿ. ಕ್ಲೋರ್‌ಪೈರಿಫಾಸ್ ಸಾವಯವ ಅಂಶಕ್ಕೆ ಬಲವಾಗಿ ಅಂಟಿಕೊಳ್ಳುವ ವಸ್ತು. ವರ್ಷವರ್ಷವೂ ಸೊಪ್ಪು, ದರಗು, ಕೊಟ್ಟಿಗೆ ಗೊಬ್ಬರ ಬಿದ್ದು ಕಪ್ಪಾದ ಮಲೆನಾಡಿನ ತೋಟದ ಮೇಲ್ಮಣ್ಣು ಅದನ್ನು ಹಿಡಿದುಕೊಂಡುಬಿಡುತ್ತದೆ, ಅರ್ಧ ಅಡಿ ಕೆಳಗಿರುವ ಬಲಿತ ಹುಳುವಿಗೆ ಮುಟ್ಟುವುದು ಅಲ್ಪ. ಹುಳು ಸಾಯಲಿಲ್ಲವೆಂದು ಪ್ರಮಾಣ ಹೆಚ್ಚಿಸುತ್ತ ಹೋಗುವವರ ತೋಟದಲ್ಲಿ ಎರೆಹುಳು ಮತ್ತು ಮಣ್ಣಿನ ಇತರ ಉಪಕಾರಿ ಜೀವಿಗಳು ಮೊದಲು ಸಾಯುತ್ತವೆ.

ಕಾದಿಗೆಯ, ಎಂದರೆ ಬಸಿಗಾಲುವೆಯ, ನೀರನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ನನಗೆ ಬಹಳ ನೋವಿನ ಸಂಗತಿ. ಕಣಿವೆಯ ತೋಟದ ಬಸಿಗಾಲುವೆ ಹಳ್ಳಕ್ಕೆ ಸೇರುತ್ತದೆ, ಹಳ್ಳ ತುಂಗೆಗೋ ಶರಾವತಿಗೋ ವರದೆಗೋ ಸೇರುತ್ತದೆ, ನಡುವೆ ಹತ್ತು ಮನೆಯವರು ಅದೇ ನೀರನ್ನು ಬಳಸುತ್ತಾರೆ. ಕ್ಲೋರ್‌ಪೈರಿಫಾಸ್ ಮೀನು, ಸಿಗಡಿ, ಏಡಿಗಳಿಗೆ ಅತಿ ಕಡಿಮೆ ಪ್ರಮಾಣದಲ್ಲೇ ಮಾರಕ. ಮಣ್ಣಿಗೆ ಅಂಟಿದ ಅದು ಮಳೆಗೆ ಕೊಚ್ಚಿದ ಮಣ್ಣಿನೊಡನೆಯೇ ಹಳ್ಳ ಸೇರುತ್ತದೆ. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಅದನ್ನು ಜಗತ್ತಿನಿಂದ ತೆಗೆದುಹಾಕಬೇಕಾದ, ದೀರ್ಘಕಾಲ ಉಳಿಯುವ ಮಾಲಿನ್ಯಕಾರಕಗಳ ಪಟ್ಟಿಗೆ ಕೆಲವು ವಿನಾಯಿತಿಗಳೊಡನೆ ಸೇರಿಸಿತು. ಹೀಗಿರುವಾಗ ಮುಂದಿನ ವರ್ಷಗಳ ಯೋಜನೆಯನ್ನು ಅದೊಂದರ ಮೇಲೆಯೇ ಕಟ್ಟುವುದು ವಿವೇಕವಲ್ಲ.

ಇಮಿಡಾಕ್ಲೋಪ್ರಿಡ್‌ನ ವಿಚಾರ ಸ್ವಲ್ಪ ಬೇರೆ. ಕಡಿಮೆ ಪ್ರಮಾಣದಲ್ಲಿ ಅದು ತಾಗಿದ ಬೇರುಹುಳು ಮಂಕಾಗುತ್ತದೆ, ಮೈ ಉಜ್ಜಿಕೊಳ್ಳುವುದನ್ನು ನಿಲ್ಲಿಸುತ್ತದೆ. ಆಗ ಜಂತುಹುಳುವಿಗೆ ಒಳಹೊಗುವುದು ಸುಲಭ. ಎರಡನ್ನೂ ಜೊತೆಗೂಡಿಸುವ ಶಿಫಾರಸಿನ ಹಿಂದೆ ಇರುವ ತರ್ಕ ಇದು. ಆದರೆ ಇಮಿಡಾಕ್ಲೋಪ್ರಿಡ್ ನೀರಿನಲ್ಲಿ ಸುಲಭವಾಗಿ ಕರಗಿ ಹರಿಯುವಂಥದು, ಗಿಡದೊಳಗೂ ಏರುವಂಥದು, ಜೇನಿಗೆ ಅಪಾಯಕಾರಿ. ತುಡುವೆ ಜೇನು ಅಡಿಕೆಯ ಹಿಂಗಾರದಿಂದ ಪರಾಗ ಒಯ್ಯುತ್ತದೆ. ಆದ್ದರಿಂದ ಇಡೀ ತೋಟಕ್ಕೆ ಸುರಿಯದೆ, ಅಲುಗಾಡುವ ಸ್ಥಿತಿಗೆ ಬಂದ ಮರಗಳ ಬುಡಕ್ಕೆ ಮಾತ್ರ, ಮಳೆ ಬಿಡುವು ಕೊಟ್ಟಾಗ, ಲೇಬಲ್ಲಿನಲ್ಲಿ ಹೇಳಿದ ಪ್ರಮಾಣ ಮೀರದೆ ಬಳಸಿ, ಉಳಿದೆಡೆ ಜಂತುಹುಳುವನ್ನಷ್ಟೇ ಬಿಡುವುದು ಒಳ್ಳೆಯದೆಂದು ಕಾಣುತ್ತದೆ. ಜೇನುಪೆಟ್ಟಿಗೆ ಇಟ್ಟವರು ಇದನ್ನೂ ಬಿಡುವುದು ಲೇಸು.

ಮೆಟಾರೈಜಿಯಂ

ಹಸಿರು ಬೂಷ್ಟಿನಂತೆ ಹುಳುವಿನ ಮೈಮೇಲೆ ಬೆಳೆಯುವ ಈ ಶಿಲೀಂಧ್ರವನ್ನು 1879ರಲ್ಲಿ ರಷ್ಯಾದ ವಿಜ್ಞಾನಿ ಮೆಚ್ನಿಕೋಫ್ ಗೋಧಿಯ ದುಂಬಿಯಲ್ಲಿ ಗುರುತಿಸಿದ್ದರು. ಕೀಟದ ಹೊರಚರ್ಮವನ್ನೇ ಕೊರೆದು ಒಳನುಗ್ಗುವ ಶಕ್ತಿ ಅದಕ್ಕಿದೆ. ಹುಳು ಸಾಯಲು ವಾರಗಳೇ ಹಿಡಿಯಬಹುದು. ಜಂತುಹುಳುವಿಗಿಂತ ಅಗ್ಗ, ಹೆಚ್ಚು ಕಾಲ ಕೆಡದೆ ಉಳಿಯುತ್ತದೆ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ನೆರಳಲ್ಲಿ ತೇವವಾಗಿಟ್ಟು ಬೆಳೆಸಿ ಹಾಕಬಹುದು. ಹುಳುವನ್ನು ಹುಡುಕಿಕೊಂಡು ಹೋಗುವ ಶಕ್ತಿ ಮಾತ್ರ ಅದಕ್ಕಿಲ್ಲ. ಹುಳುವೇ ಬಂದು ಬೀಜಕಣಕ್ಕೆ ತಾಗಬೇಕು.

ಮಲೆನಾಡಿನಲ್ಲಿ ಅದಕ್ಕೆ ಒಂದು ವಿಶೇಷ ಅಡ್ಡಿಯಿದೆ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದ ಮೇಲೆ ನಮ್ಮ ತೋಟಗಳಿಗೆ ಪ್ರತಿ ಮಳೆಗಾಲ ಎರಡು ಮೂರು ಸಲ ಮೈಲುತುತ್ತ ಬೀಳುತ್ತಿದೆ. ಅದರಲ್ಲಿರುವ ತಾಮ್ರ ಶಿಲೀಂಧ್ರಗಳ ಶತ್ರು. ಗೊನೆಯಿಂದ ತೊಟ್ಟಿಕ್ಕಿದ ದ್ರಾವಣ ಬೀಳುವ ಬುಡದಲ್ಲಿ ಆಗತಾನೇ ಹಾಕಿದ ಮೆಟಾರೈಜಿಯಂ ಚೆನ್ನಾಗಿ ಬೆಳೆಯುವುದನ್ನು ನಿರೀಕ್ಷಿಸುವಂತಿಲ್ಲ. ಔಷಧಿ ಹೊಡೆಯುವ ಕೆಲಸವೆಲ್ಲ ಮುಗಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ, ಗೊಬ್ಬರದೊಡನೆ ಮಣ್ಣಿನೊಳಗೆ ಹಾಕಿ ಮುಚ್ಚುವವರಿಗೆ ಅದು ಪ್ರಯೋಜನಕಾರಿ. ವರ್ಷ ವರ್ಷವೂ ಹಾಕುತ್ತ ಹೋದರೆ ಹುಳುವಿನ ಸಂಖ್ಯೆಯನ್ನು ತಗ್ಗಿಸಿಡಲು ನೆರವಾಗುವ ಸಾಧನವಿದು. ಈ ವರ್ಷವೇ ಸಾಯುತ್ತಿರುವ ಮರವನ್ನು ಉಳಿಸುವ ಸಾಧನವಲ್ಲ. ಬೇವಿನ ಹಿಂಡಿಯ ಬಗ್ಗೆಯೂ ಇಷ್ಟೇ ಹೇಳಬಹುದು: ಅದು ಒಳ್ಳೆಯ ಗೊಬ್ಬರ, ಹುಳುವಿಗೆ ಅಪ್ರಿಯ, ಆದರೆ ಬಲಿತ ಹುಳುವನ್ನು ಕೊಲ್ಲುವಷ್ಟು ಬಲವಾದದ್ದಲ್ಲ.

ದುಂಬಿ ಹಿಡಿಯುವುದು

ಮುಂಗಾರಿನ ಮೊದಲ ಮಳೆಗಳ ನಂತರ, ಹೊತ್ತು ಮುಳುಗಿದ ಮೇಲೆ ಸ್ವಲ್ಪ ಹೊತ್ತು ದುಂಬಿಗಳು ತೋಟದಲ್ಲಿ ಕೆಳಮಟ್ಟದಲ್ಲೇ ಹಾರಾಡುತ್ತವೆ. ಆ ಹೊತ್ತಿಗೆ ಹಿಡಿದು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ಖರ್ಚಿಲ್ಲದೆ ಮುಂದಿನ ತಲೆಮಾರು ನಿಲ್ಲುತ್ತದೆ. ಒಂದು ಹೆಣ್ಣು ದುಂಬಿ ಹತ್ತಾರು ಮೊಟ್ಟೆಯಿಡುತ್ತದೆ ಎಂಬುದನ್ನು ನೆನೆದರೆ ಈ ಕೆಲಸದ ಬೆಲೆ ತಿಳಿಯುತ್ತದೆ. ಆದರೆ ಒಬ್ಬರು ಹಿಡಿದು ಪಕ್ಕದ ತೋಟದವರು ಬಿಟ್ಟರೆ ಪ್ರಯೋಜನ ಕಡಿಮೆ, ದುಂಬಿಗೆ ಬೇಲಿಯ ಗೊಡವೆಯಿಲ್ಲ. ಕೇರಿಯ ತೋಟದವರೆಲ್ಲ ಒಟ್ಟಾಗಿ ಎರಡು ಮೂರು ವರ್ಷ ಬಿಡದೆ ಮಾಡಬಲ್ಲ ಊರುಗಳಲ್ಲಿ ಇದಕ್ಕಿಂತ ಉತ್ತಮ ಉಪಾಯವಿಲ್ಲ. ಆಳು ಸಿಗದ, ಮನೆಯಲ್ಲಿ ಇಬ್ಬರು ಹಿರಿಯರಷ್ಟೇ ಉಳಿದಿರುವ ಊರುಗಳಲ್ಲಿ ಇದನ್ನೊಂದೇ ನಂಬಿ ಕೂರಲಾಗದು.

ಯಾವ ತೋಟಕ್ಕೆ ಯಾವುದು

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಣಿವೆ ತೋಟಗಳಲ್ಲಿ ನೆರಳಿನಿಂದಾಗಿ ಮಣ್ಣು ತಂಪು, ಸಾವಯವ ಅಂಶ ಹೆಚ್ಚು, ಹುಳಿಯ ಪ್ರಮಾಣವೂ ಜಂತುಹುಳು ತಾಳಬಲ್ಲಷ್ಟೇ. ಇಲ್ಲಿ ಜಂತುಹುಳುವಿಗೆ ಎಲ್ಲವೂ ಅನುಕೂಲ, ಮಳೆಯ ಅತಿರೇಕವೊಂದನ್ನು ಬಿಟ್ಟು. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯ ಸುತ್ತ ಜೂನ್–ಜುಲೈನಲ್ಲಿ ಜಂತುಹುಳು ಬಿಡುವುದು ವ್ಯರ್ಥ. ಮಣ್ಣಿನಲ್ಲಿ ಗಾಳಿಯಿರುವುದಿಲ್ಲ, ಬಿಟ್ಟದ್ದೂ ಕೊಚ್ಚಿಹೋಗುತ್ತದೆ. ಅಂಥಲ್ಲಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ, ಮಳೆ ಬಿಟ್ಟು ಬಿಟ್ಟು ಬರುವ ಕಾಲ ಸರಿಯಾದದ್ದು. ಕಾದಿಗೆ ಹೂಳು ತುಂಬಿದ್ದರೆ ಮೊದಲು ಅದನ್ನು ಎತ್ತಿಸಬೇಕು. ನೀರು ಬಸಿಯದ ತೋಟದಲ್ಲಿ ಜಂತುಹುಳುವಿಗೆ ಹಾಕುವ ಹಣವನ್ನು ಆ ವರ್ಷ ಕಾದಿಗೆಗೆ ಹಾಕುವುದೇ ಸರಿ, ಬೇರಿಗೂ ಅದರಿಂದ ಒಳಿತು.

ಭದ್ರಾ ಅಚ್ಚುಕಟ್ಟಿನ ಭದ್ರಾವತಿ, ಚನ್ನಗಿರಿ ಕಡೆ ಗದ್ದೆಯನ್ನು ತೋಟ ಮಾಡಿದಲ್ಲಿ ಮಾತು ಬದಲಾಗುತ್ತದೆ. ಜಿಗುಟು ಮಣ್ಣು, ಎಳೆಯ ತೋಟವಾದರೆ ನೆರಳೂ ಕಡಿಮೆ, ನಾಲೆಯ ನೀರು ಬಂದಾಗ ಜೌಗು, ನಿಂತಾಗ ಬಿರುಕು. ಇಲ್ಲಿ ಜಂತುಹುಳುವಿನ ಫಲ ಏರುಪೇರಾಗುತ್ತದೆ. ಬುಡದ ಸುತ್ತ ಸೋಗೆ, ದರಗು ಹೊದಿಸಿ, ಹನಿ ನೀರಾವರಿಯಿಂದ ಸಮನಾದ ತೇವ ಕಾಯುವವರು ಜಂತುಹುಳುವನ್ನು ಆರಿಸಬಹುದು. ಹಾಯಿನೀರು ಬಿಡುವವರಿಗೆ ಗೊಬ್ಬರದೊಡನೆ ಮೆಟಾರೈಜಿಯಂ ಮತ್ತು ದುಂಬಿ ಹಿಡಿಯುವುದನ್ನು ಹೇಳುತ್ತೇನೆ. ಎಳೆಯ ಸಸಿಗಳ ಬುಡದಲ್ಲಿ ಹುಳು ಕಂಡರೆ, ಸಸಿ ಹೆಚ್ಚು ದಿನ ತಾಳುವುದಿಲ್ಲವಾದ್ದರಿಂದ, ಆ ಸಸಿಗಳಿಗೆ ಮಾತ್ರ ಕೀಟನಾಶಕ ಬಳಸುವುದನ್ನು ತಪ್ಪೆನ್ನಲಾರೆ. ಕಾಳುಮೆಣಸಿನ ಬಳ್ಳಿಗೆ ಗಿಡದ ಜಂತುಹುಳುವಿಗೆಂದು ಜಂತುನಾಶಕ ಹಾಕುವವರು ಆ ಋತುವಿನಲ್ಲಿ ಉಪಕಾರಿ ಜಂತುಹುಳು ಬಿಡಬಾರದು. ಆ ಔಷಧಿ ಎರಡನ್ನೂ ಕೊಲ್ಲುತ್ತದೆ.

ಕೊಳ್ಳುವ ಮುನ್ನ ಲೆಕ್ಕ

ಪುಡಿಯ ಬೆಲೆಯನ್ನು ಕಿಲೋಗೆ ಎಷ್ಟೆಂದು ಕೇಳಿ ಹೋಲಿಸುವುದು ಅರ್ಥಹೀನ. ಕೇಳಬೇಕಾದದ್ದು ಒಂದು ಕೋಟಿ ಜೀವಂತ ಮರಿಗೆ ಎಷ್ಟು ಎಂದು. ಹೆಕ್ಟೇರಿಗೆ 150 ಕೋಟಿ ಎಂದರೆ ಎಕರೆಗೆ ಸುಮಾರು 60 ಕೋಟಿ. 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳಿರುತ್ತವೆ, ಅಂದರೆ ಒಂದು ಮರದ ಪಾಲಿಗೆ 11 ಲಕ್ಷ ಮರಿ. ಪೊಟ್ಟಣದಲ್ಲಿ ಎಷ್ಟು ಜೀವಂತ ಮರಿಗಳಿವೆ, ತಯಾರಾದ ದಿನ ಯಾವುದು, ಯಾವ ಪ್ರಭೇದ ಎಂಬ ಮೂರೂ ಬರೆಯದ ಪುಡಿಯನ್ನು ಕೊಳ್ಳಬಾರದು. ಮನೆಗೆ ತಂದ ಮೇಲೆ ಚಿಟಿಕೆ ಪುಡಿಯನ್ನು ಕುದಿಸಿ ಆರಿಸಿದ ನೀರಿಗೆ ಹಾಕಿ ಅರ್ಧ ಗಂಟೆ ಬಿಟ್ಟು, ಕಪ್ಪು ತಟ್ಟೆಯ ಮೇಲೆ ಹತ್ತರಿಂದ ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಬೇಕು. ಜೀವಂತವಾದವು ಬಳುಕಿ ಚಲಿಸುತ್ತವೆ. ಸತ್ತವು ಕಡ್ಡಿಯಂತೆ ನೇರವಾಗಿ ಬಿದ್ದಿರುತ್ತವೆ. ಅರ್ಧಕ್ಕರ್ಧ ಅಲುಗದಿದ್ದರೆ ಪೊಟ್ಟಣವನ್ನು ಹಿಂದಿರುಗಿಸಬೇಕು.

ಮನೆಯಲ್ಲೇ ಬೆಳೆಸುವ ದಾರಿಯೂ ಇದೆ. ಏಲಕ್ಕಿಯ ಬೇರುಹುಳುವಿಗೆ, ಜಂತುಹುಳು ಹತ್ತಿ ಸತ್ತ ಮೇಣದ ಪತಂಗದ ಹುಳುಗಳನ್ನೇ ಗಿಡಕ್ಕೆ ನಾಲ್ಕರಂತೆ ಬುಡದಲ್ಲಿ ಹೂಳುವ ಕ್ರಮವನ್ನು ಸಂಶೋಧಕರು ರೂಪಿಸಿದ್ದಾರೆ. ಜೇನುಪೆಟ್ಟಿಗೆಯ ಎರಿ ಹಾಳುಮಾಡುವ ಆ ಪತಂಗದ ಹುಳು ಮಲೆನಾಡಿನ ಜೇನು ಸಾಕಣೆದಾರರಿಗೆ ಚಿರಪರಿಚಿತ. ಒಂದು ಹುಳುವಿನಿಂದ ಎರಡು ಲಕ್ಷ ಮರಿಗಳೆಂದು ಹಿಡಿದರೂ ಮರಕ್ಕೆ ನಾಲ್ಕೆಂದರೆ ಎಂಟು ಲಕ್ಷ, ಎಕರೆಗೆ 2,200 ಹುಳು ಬೇಕು. ಒಂದು ಮನೆಗೆ ಇದು ಭಾರ. ಮಹಿಳಾ ಸ್ವಸಹಾಯ ಸಂಘವೋ ಊರಿನ ಸಹಕಾರಿ ಸಂಘವೋ ತರಬೇತಿ ಪಡೆದು ಕೈಗೆತ್ತಿಕೊಂಡರೆ ಆಗದ ಕೆಲಸವಲ್ಲ. ಹೂತಿಟ್ಟ ಹುಳುವಿನಿಂದ ಮರಿಗಳು ದಿನಗಟ್ಟಲೆ ಒಂದೊಂದಾಗಿ ಹೊರಬರುವುದರಿಂದ ಒಮ್ಮೆಲೇ ಸುರಿದಾಗ ಆಗುವ ಸಾವು ನೋವು ಇದರಲ್ಲಿಲ್ಲ, ಬಿಸಿಲಿನ ಭಯವೂ ಇಲ್ಲ.

ಬಿಡುವ ಕ್ರಮ ಮತ್ತು ನಂತರದ ಪರೀಕ್ಷೆ

ಮಣ್ಣು ಹಸಿಯಾಗಿರುವ ದಿನ, ಸಂಜೆ ನಾಲ್ಕರ ನಂತರ ಬಿಡಬೇಕು. ಬುಡದ ಸೊಪ್ಪು ದರಗನ್ನು ಬದಿಗೆ ಸರಿಸಬೇಕು, ಇಲ್ಲವಾದರೆ ಮರಿಗಳೆಲ್ಲ ಅದರಲ್ಲೇ ಸಿಕ್ಕಿಕೊಳ್ಳುತ್ತವೆ. ಮರದ ಸುತ್ತ ಮತ್ತು ಸಾಲಿನ ನಡುವೆ ಗುದ್ದಲಿಯಿಂದ ಎರಡು ಮೂರು ಅಂಗುಲ ಆಳಕ್ಕೆ ಕೆದಕಿ, ಕಲಕಿದ ನೀರನ್ನು ಸುರಿದು, ಮಣ್ಣು ಮುಚ್ಚಿ, ಸೊಪ್ಪನ್ನು ಮೊದಲಿನಂತೆ ಎಳೆಯಬೇಕು. ಮರಿಗಳು ತಳಕ್ಕಿಳಿಯುವುದರಿಂದ ಡ್ರಮ್ಮಿನ ನೀರನ್ನು ಆಗಾಗ ಕಲಕುತ್ತಿರಬೇಕು, ಬೆರೆಸಿದ್ದನ್ನು ಅಂದೇ ಮುಗಿಸಬೇಕು. ಪಂಪಿನಿಂದ ಬಿಡುವುದಾದರೆ ಒಳಗಿನ ಜಾಲರಿ ತೆಗೆದು, ನಾಜಲ್‌ನ ರಂಧ್ರ ಅರ್ಧ ಮಿ.ಮೀ.ಗಿಂತ ದೊಡ್ಡದಿರುವಂತೆ ನೋಡಿಕೊಳ್ಳಬೇಕು. ಬೋರ್ಡೋ ಹೊಡೆದ ಡ್ರಮ್ಮು ಮತ್ತು ಪೈಪನ್ನು ಚೆನ್ನಾಗಿ ತೊಳೆಯದೆ ಬಳಸಬಾರದು. ಯೂರಿಯಾ ಮತ್ತು ಹಸಿ ಸಗಣಿ ಜಂತುಹುಳುವಿಗೆ ಆಗದು. ಅವುಗಳಿಗೂ ಜಂತುಹುಳುವಿಗೂ ಎರಡು ವಾರದ ಅಂತರವಿರಲಿ. ಬಿಟ್ಟ ಮೇಲೆ ಎರಡು ವಾರ ಮಣ್ಣು ಒಣಗದಂತೆ ನೋಡಿಕೊಳ್ಳಬೇಕು.

ಹತ್ತು ಹನ್ನೆರಡು ದಿನಗಳ ನಂತರ ಮೊದಲು ಎಣಿಸಿದ ಮರಗಳ ಪಕ್ಕದಲ್ಲೇ ಮತ್ತೆ ಮಣ್ಣು ಬಿಡಿಸಬೇಕು. ಇಂಡಿಕಾದಿಂದ ಸತ್ತ ಹುಳು ಇಟ್ಟಿಗೆಯ ಕೆಂಪು ಬಣ್ಣಕ್ಕೆ ತಿರುಗಿರುತ್ತದೆ, ದುರ್ವಾಸನೆ ಇರುವುದಿಲ್ಲ. ಕಾರ್ಪೊಕ್ಯಾಪ್ಸೆಯಿಂದ ಸತ್ತದ್ದು ಹಳದಿ ಮಿಶ್ರಿತ ಕಂದು. ಕಪ್ಪಾಗಿ ಕೊಳೆತು ನಾರುವ ಹುಳು ಬೇರೆ ಕಾರಣದಿಂದ ಸತ್ತದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಕೆಂಪಾದ ಹುಳುಗಳನ್ನು ತೆಗೆದು ಎಸೆಯದೆ, ಹುಳು ಹೆಚ್ಚಿರುವ ಇನ್ನೊಂದು ಮರದ ಬುಡದಲ್ಲಿ ಹೂಳಬೇಕು. ಜೀವಂತ ಹುಳು ಇನ್ನೂ ಸಾಕಷ್ಟು ಕಂಡರೆ ಅಕ್ಟೋಬರ್–ನವೆಂಬರಿನಲ್ಲಿ, ಮಣ್ಣಿನ ತೇವ ಆರುವ ಮುನ್ನ, ಎರಡನೆಯ ಸಲ ಬಿಡಬೇಕಾಗುತ್ತದೆ. ಎರಡು ಸಲ ಬಿಟ್ಟೂ ಬಣ್ಣ ತಿರುಗಿದ ಒಂದು ಹುಳುವೂ ಸಿಗದಿದ್ದರೆ ಪೊಟ್ಟಣ ಸತ್ತಿತ್ತು ಅಥವಾ ಆ ಮಣ್ಣು ಜಂತುಹುಳುವಿಗೆ ಒಗ್ಗುವುದಿಲ್ಲ ಎಂದು ತಿಳಿದು, ಮೂರನೆಯ ಸಲಕ್ಕೆ ಹಣ ಹಾಕದೆ, ಆ ವರ್ಷ ಗೊಬ್ಬರದೊಡನೆ ಮೆಟಾರೈಜಿಯಂ ಹಾಕಿ, ಮುಂದಿನ ಮೇ ತಿಂಗಳ ದುಂಬಿಗಳಿಗೆ ಅಕ್ಕಪಕ್ಕದ ತೋಟದವರನ್ನು ಈಗಲೇ ಮಾತಾಡಿಸಿಟ್ಟುಕೊಳ್ಳಬೇಕು.